ಹೆಪಟೈಟಿಸ್ ಬಿ ಯಾಕೆ ಹೋಗುವುದಿಲ್ಲ: ಮೂರು ಜಿಲ್ಲೆಗಳ ಆರೋಗ್ಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಆರೋಗ್ಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಹಾವೇರಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನನಗೆ ಹೆಪಟೈಟಿಸ್ ಬಿ ಇದೆ, ಅಂದರೆ ಲಿವರ್‌ಗೆ ಹತ್ತುವ ಒಂದು ವೈರಸ್ ಸೋಂಕು. ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟ ಮೇಲೆ ಬ್ಲಡ್ ಬ್ಯಾಂಕಿನವರು ಫೋನ್ ಮಾಡಿ ಕರೆಸಿದಾಗ ಗೊತ್ತಾಯಿತು. ಅಲ್ಲಿಯವರೆಗೆ ಒಂದು ದಿನವೂ ಕಣ್ಣು ಹಳದಿ ಆಗಿರಲಿಲ್ಲ. ಈಗ ದಿನಾ ರಾತ್ರಿ ಒಂದು ಗುಳಿಗೆ ನುಂಗುತ್ತೇನೆ. ಆರು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸುತ್ತೇನೆ. ಉಳಿದಂತೆ ಆರಾಮ ಇದ್ದೇನೆ.

ಈ ಪತ್ರದಲ್ಲಿ ನಿಮ್ಮಿಂದ ಮುಖ್ಯವಾಗಿ ಎರಡು ಕೆಲಸ ಕೇಳುತ್ತೇನೆ. ಗುಳಿಗೆ ಶುರು ಮಾಡಿದವರಿಗೆ ಅದು ಒಂದು ದಿನವೂ ತಪ್ಪದಂತೆ ಸಿಗಬೇಕು. ನಮ್ಮ ಮೂರು ಜಿಲ್ಲೆಯಲ್ಲಿ ಹುಟ್ಟುವ ಪ್ರತಿ ಕೂಸಿಗೆ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಬೇಕು. ಎರಡೂ ಕಾಗದದ ಮೇಲೆ ಈಗಾಗಲೇ ಇವೆ. ಹಾಗಾದರೆ ಇಷ್ಟುದ್ದ ಪತ್ರ ಯಾಕೆ? ಈ ರೋಗ ಒಮ್ಮೆ ಒಳಗೆ ಕೂತರೆ ಯಾಕೆ ಹೊರಗೆ ಹೋಗುವುದಿಲ್ಲ ಎಂಬುದನ್ನು ನಮ್ಮ ಜನಕ್ಕೆ ಯಾರೂ ಕೂತು ಹೇಳಿಲ್ಲ. ಅದು ಗೊತ್ತಿಲ್ಲದ ಕಾರಣ ಗುಳಿಗೆಯೂ ತಪ್ಪುತ್ತದೆ, ಲಸಿಕೆಯೂ ತಪ್ಪುತ್ತದೆ. ನಿಮ್ಮಲ್ಲಿ ಹೆಚ್ಚಿನವರು ಡಾಕ್ಟರು. ಮುಂದಿನ ಕೆಲವು ಪ್ಯಾರಾ ನಿಮಗೆ ಗೊತ್ತಿರುವ ಪಾಠವೇ. ಬೇಕಾದರೆ ದಾಟಿಕೊಂಡು ಹೋಗಿ. ನಾನು ಉಳಿದವರಿಗಾಗಿ ಬರೆಯುತ್ತೇನೆ.

ನಮ್ಮ ಸೋದರಮಾವನ ಮಗ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾನೆ. ಅವನಿಗೆ ಹೆಪಟೈಟಿಸ್ ಸಿ ಬಂತು. ಮೂರು ತಿಂಗಳು ಗುಳಿಗೆ ತಗೊಂಡ, ಹೋಯಿತು. ಮತ್ತೆ ಟೆಸ್ಟ್ ಮಾಡಿಸಿದರೂ ವೈರಸ್ ಇಲ್ಲ. ಅವತ್ತಿನಿಂದ ಯಾವ ಮದುವೆ, ಸೀಮಂತಕ್ಕೆ ಹೋದರೂ ಹಿರಿಯರು ನನ್ನನ್ನು ಹಿಡಿದುಕೊಂಡು ಕೇಳುತ್ತಾರೆ. "ಅವಂಗ ಮೂರ ತಿಂಗಳದಾಗ ಹೋತು, ನಿನಗ್ಯಾಕ ಹೋಗವಲ್ದು? ಡಾಕ್ಟರ ಬದಲಿ ಮಾಡಪಾ." ಪ್ರಶ್ನೆ ಸರಿಯಾಗಿಯೇ ಇದೆ. ಸಿ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದು 1989ರಲ್ಲಿ. ಬಿ ವೈರಸ್ಸಿನ ಸುಳಿವು ಅಮೆರಿಕದ ಬರೂಕ್ ಬ್ಲೂಂಬರ್ಗ್ ಅವರಿಗೆ 1960ರ ದಶಕದಲ್ಲೇ ಸಿಕ್ಕಿತ್ತು. ಅದಕ್ಕೆ 1976ರಲ್ಲಿ ನೊಬೆಲ್ ಕೂಡ ಬಂತು. ಆಮೇಲೆ ಸಿಕ್ಕಿದ್ದಕ್ಕೆ ವಾಸಿ ಮಾಡುವ ಔಷಧ ಮೊದಲು ಬಂತು, ಮೊದಲು ಸಿಕ್ಕಿದ್ದು ಇನ್ನೂ ಬಗ್ಗಿಲ್ಲ.

ಎರಡೂ ಲಿವರ್‌ನಲ್ಲೇ ಬೆಳೆಯುತ್ತವೆ, ಎರಡೂ ರಕ್ತದಿಂದ ಹರಡುತ್ತವೆ. ಆದರೆ ಎರಡೂ ಇರುವ ಜಾಗ ಬೇರೆ. ಸಿ ವೈರಸ್ ಆರ್‌ಎನ್‌ಎಯದ್ದು. ಲಿವರ್ ಜೀವಕೋಶದ ಒಳಗೆ ಬಂದರೂ ಅದು ನ್ಯೂಕ್ಲಿಯಸ್ಸಿಗೆ ಕಾಲಿಡುವುದಿಲ್ಲ. ಹೊರಗಿನ ಅಂಗಳದಲ್ಲೇ ಮರಿ ಹಾಕುತ್ತದೆ. ಸೋಫೋಸ್ಬುವಿರ್, ಡಕ್ಲಾಟಾಸ್ವಿರ್ ಥರದ ಗುಳಿಗೆ ಅದರ ಮರಿ ಹಾಕುವ ಕೆಲಸ ನಿಲ್ಲಿಸಿದರೆ ಇರುವಷ್ಟು ಸತ್ತು ಮುಗಿಯುತ್ತವೆ. 12 ವಾರ ಸಾಕು. ನೂರಕ್ಕೆ 95 ಜನಕ್ಕೂ ಹೆಚ್ಚು ವಾಸಿ.

ಬಿ ವೈರಸ್ ಡಿಎನ್‌ಎಯದ್ದು. ಅದು ಸೀದಾ ನ್ಯೂಕ್ಲಿಯಸ್ಸಿಗೆ ನುಗ್ಗುತ್ತದೆ, ಅಂದರೆ ನಮ್ಮ ಸ್ವಂತ ಡಿಎನ್‌ಎ ಇರುವ ಕೋಣೆಗೆ. ಬರುವಾಗ ಅದರ ಡಿಎನ್‌ಎ ಅರೆಬರೆ ಉಂಗುರದಂತೆ ಇರುತ್ತದೆ, ಒಂದು ಕಡೆ ಎಳೆ ಪೂರ್ತಿ ಆಗಿರುವುದಿಲ್ಲ. ನಮ್ಮ ಜೀವಕೋಶಕ್ಕೆ ಒಂದು ಒಳ್ಳೆಯ ಗುಣ ಇದೆ. ಎಲ್ಲಿ ಡಿಎನ್‌ಎ ಮುರಿದಿದೆಯೋ ಅಲ್ಲಿ ರಿಪೇರಿ ಮಾಡುತ್ತದೆ. ಇದನ್ನೂ ರಿಪೇರಿ ಮಾಡಿಬಿಡುತ್ತದೆ! ಆಗ ಅದು ಪೂರ್ತಿ ಮುಚ್ಚಿದ, ಗಟ್ಟಿ ಉಂಗುರ ಆಗುತ್ತದೆ. ಇದಕ್ಕೆ ಸಿಸಿಸಿ ಡಿಎನ್‌ಎ ಎನ್ನುತ್ತಾರೆ. ನಮ್ಮ ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನನ್ನೇ ಅದೂ ಸುತ್ತಿಕೊಂಡು, ನಮ್ಮದೇ ಒಂದು ಪುಟ್ಟ ಕ್ರೋಮೋಸೋಮಿನಂತೆ ಅಲ್ಲಿ ಕೂತುಬಿಡುತ್ತದೆ. ಲಿವರ್ ಜೀವಕೋಶ ಬೇಗ ಸಾಯುವಂಥದ್ದಲ್ಲ. ಅದು ಬದುಕಿರುವಷ್ಟು ದಿನ ಇದೂ ಇರುತ್ತದೆ. ಹೊಸದಾಗಿ ಹುಟ್ಟಿದ ವೈರಸ್‌ಗಳಲ್ಲಿ ಕೆಲವು ಹೊರಗೆ ಹೋಗದೆ ತಿರುಗಿ ನ್ಯೂಕ್ಲಿಯಸ್ಸಿಗೇ ಬಂದು ಇನ್ನಷ್ಟು ಉಂಗುರ ಆಗುತ್ತವೆ.

ಹೊಲದ ಉತಾರ (ಪಹಣಿ) ತೆಗೆಸದವರು ನಮ್ಮ ಕಡೆ ಯಾರೂ ಇಲ್ಲ. ಹಾಗಾಗಿ ಹೀಗೆ ಹೇಳುತ್ತೇನೆ. ಕೈಯಲ್ಲಿರುವ ಉತಾರ ಬರೀ ಪ್ರತಿ. ಮೂಲ ದಾಖಲೆ ಇರುವುದು ಕಚೇರಿಯಲ್ಲಿ. ಉತಾರ ಹರಿದು ಹಾಕಿದರೆ ಏನೂ ಆಗುವುದಿಲ್ಲ, ನಾಳೆ ಹೋಗಿ ಇನ್ನೊಂದು ತೆಗೆಸಬಹುದು. ನಾನು ನುಂಗುವ ಟೆನೋಫೋವಿರ್, ಕೆಲವರಿಗೆ ಕೊಡುವ ಎಂಟೆಕಾವಿರ್, ಇವೆರಡೂ ಉತಾರ ಕೊಡುವ ಕಿಟಕಿಯನ್ನು ಮುಚ್ಚಿಸುತ್ತವೆ. ಹೊಸ ವೈರಸ್ ತಯಾರಾಗುವುದು ನಿಲ್ಲುತ್ತದೆ. ರಕ್ತದಲ್ಲಿ ವೈರಸ್ ಡಿಎನ್‌ಎ ಅಳತೆಗೂ ಸಿಗದಷ್ಟು ಕಡಿಮೆ ಆಗುತ್ತದೆ. ಲಿವರ್ ಸುಧಾರಿಸುತ್ತದೆ. ಆದರೆ ಒಳಗಿನ ದಾಖಲೆಯನ್ನು ಗುಳಿಗೆ ಮುಟ್ಟುವುದಿಲ್ಲ. ಗುಳಿಗೆ ಬಿಟ್ಟ ದಿನ ಕಿಟಕಿ ಮತ್ತೆ ತೆರೆಯುತ್ತದೆ.

ಅಳಿಸಿದರೆ ಆಯಿತಲ್ಲ ಎಂದು ನನ್ನ ಹತ್ತನೇ ಕ್ಲಾಸಿನ ಹುಡುಗನೊಬ್ಬ ಕೇಳಿದ. (ಪಾಠದಲ್ಲಿ ವೈರಸ್ ಬಂದಾಗ ಈ ಕಥೆ ಹೇಳುತ್ತೇನೆ. ನನ್ನ ವಿಷಯ ಹೇಳುವುದಿಲ್ಲ.) ಅಳಿಸುವ ಪ್ರಯತ್ನ ನಡೆದಿದೆ. ಡಿಎನ್‌ಎ ಕತ್ತರಿಸುವ ಹೊಸ ತಂತ್ರಗಳಿಂದ ಆ ಉಂಗುರವನ್ನೇ ತುಂಡು ಮಾಡಲು ನೋಡುತ್ತಿದ್ದಾರೆ. ಅದು ಇರುವುದು ನಮ್ಮ ಡಿಎನ್‌ಎ ಪಕ್ಕದಲ್ಲೇ. ಕತ್ತರಿ ಸ್ವಲ್ಪ ಆಚೆ ಈಚೆ ಆದರೆ ನಮ್ಮದಕ್ಕೇ ಪೆಟ್ಟು. ಅದೂ ಅಲ್ಲದೆ ಒಂದೆರಡು ಜೀವಕೋಶದ ಮಾತಲ್ಲ, ಲಿವರ್‌ನಲ್ಲಿ ಸೋಂಕಿರುವ ಎಲ್ಲವನ್ನೂ ಹುಡುಕಿ ಮುಟ್ಟಬೇಕು. ಸರಿ, ಸೋಂಕಿರುವ ಜೀವಕೋಶಗಳನ್ನೇ ಕೊಂದುಬಿಡೋಣ ಎಂದರೆ? ಎಲ್ಲವನ್ನೂ ಒಮ್ಮೆಲೇ ಕೊಂದರೆ ಲಿವರ್ರೇ ಹೋಗುತ್ತದೆ, ಮನುಷ್ಯನೂ ಹೋಗುತ್ತಾನೆ.

ಇದು ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ವೈರಸ್ಸಿನ ಡಿಎನ್‌ಎ ತುಣುಕುಗಳು ನಮ್ಮ ಕ್ರೋಮೋಸೋಮಿನ ಮಧ್ಯದಲ್ಲೂ ಹೋಗಿ ಸೇರಿಕೊಳ್ಳುತ್ತವೆ. ಆ ತುಣುಕಿನಿಂದ ಪೂರ್ತಿ ವೈರಸ್ ಹುಟ್ಟುವುದಿಲ್ಲ. ಆದರೆ ವೈರಸ್ಸಿನ ಮೇಲ್ಪದರದ ಪ್ರೋಟೀನು ಹುಟ್ಟುತ್ತದೆ. ಲ್ಯಾಬಿನಲ್ಲಿ ಎಚ್‌ಬಿಎಸ್‌ಎಜಿ ಎಂದು ನೋಡುತ್ತಾರಲ್ಲ, ಅದೇ ಇದು. ಹಾಗಾಗಿ ವರ್ಷಗಟ್ಟಲೆ ಗುಳಿಗೆ ತಗೊಂಡು, ರಕ್ತದಲ್ಲಿ ವೈರಸ್ ಕಾಣದ ಮನುಷ್ಯನಿಗೂ ಆ ಟೆಸ್ಟ್ ಪಾಸಿಟಿವ್ ಅಂತಲೇ ಬರುತ್ತದೆ. ಗುಳಿಗೆ ಕೆಲಸ ಮಾಡುತ್ತಿಲ್ಲ ಎಂದು ಜನ ತಿಳಿಯುತ್ತಾರೆ. ಅದು ಮಾಡಬೇಕಾದ ಕೆಲಸ ಮಾಡುತ್ತಲೇ ಇರುತ್ತದೆ. ಟೆಸ್ಟ್ ತೋರಿಸುವುದೇ ಬೇರೆ.

ಈ ಪ್ರೋಟೀನು ಸುಮ್ನೆ ಇರುವಂಥದ್ದೂ ಅಲ್ಲ. ಒಂದು ನಿಜವಾದ ವೈರಸ್ಸಿಗೆ ಸಾವಿರದಿಂದ ಲಕ್ಷದವರೆಗೆ ಖಾಲಿ ಕವಚಗಳು ರಕ್ತದಲ್ಲಿ ತೇಲುತ್ತವೆ. ನಮ್ಮ ರೋಗನಿರೋಧಕ ಕಣಗಳು ವರ್ಷಾನುಗಟ್ಟಲೆ ಇವನ್ನೇ ನೋಡಿ ನೋಡಿ ದಣಿಯುತ್ತವೆ. ಕೊನೆಗೆ ಎದುರಿಗೆ ವೈರಸ್ ಬಂದರೂ ಸಿಟ್ಟಾಗುವುದಿಲ್ಲ. ಲಿವರ್ ಮೊದಲೇ ಸಹನೆಯ ಅಂಗ. ಕರುಳಿನಿಂದ ಇಡೀ ದಿನ ಹೊರಗಿನ ಪದಾರ್ಥ ಅದಕ್ಕೆ ಬರುತ್ತಿರುತ್ತದೆ. ಎಲ್ಲದಕ್ಕೂ ಜಗಳ ತೆಗೆದರೆ ಬದುಕುವ ಹಾಗಿಲ್ಲ. ಈ ಗುಣ ವೈರಸ್ಸಿಗೆ ಅನುಕೂಲವಾಯಿತು.

ಸಂಶೋಧನೆ ತಡವಾಗಿದ್ದಕ್ಕೂ ಕಾರಣ ಇದೆ. ಇಲಿಗೆ ಈ ಸೋಂಕು ಹತ್ತುವುದಿಲ್ಲ. ಮನುಷ್ಯ, ಚಿಂಪಾಂಜಿ ಥರದ ಕೆಲವೇ ಪ್ರಾಣಿಗೆ ಹತ್ತುತ್ತದೆ. ವೈರಸ್ ಯಾವ ಬಾಗಿಲಿನಿಂದ ಲಿವರ್ ಜೀವಕೋಶದೊಳಗೆ ಬರುತ್ತದೆ ಎಂಬುದು ಸಿಕ್ಕಿದ್ದೇ 2012ರಲ್ಲಿ, ಬೀಜಿಂಗಿನ ವೆನ್‌ಹುಯಿ ಲಿ ಅವರ ತಂಡಕ್ಕೆ. ಅಲ್ಲಿಯವರೆಗೆ ಲ್ಯಾಬಿನ ತಟ್ಟೆಯಲ್ಲಿ ಈ ಸೋಂಕನ್ನು ಸರಿಯಾಗಿ ಹಿಡಿಸಿ ನೋಡುವುದೇ ಕಷ್ಟವಿತ್ತು.

ಈಗ ವಿಜ್ಞಾನಿಗಳು ಹೇಳುವ ವಾಸಿ ಯಾವುದೆಂದರೆ, ಗುಳಿಗೆ ಬಿಟ್ಟ ಮೇಲೂ ಎಚ್‌ಬಿಎಸ್‌ಎಜಿ ನೆಗೆಟಿವ್ ಆಗಿಯೇ ಉಳಿಯುವುದು. ಒಳಗಿನ ದಾಖಲೆ ಅಳಿಯದಿದ್ದರೂ ಮೈ ಅದನ್ನು ತಾನೇ ಹತೋಟಿಯಲ್ಲಿ ಇಟ್ಟುಕೊಳ್ಳುತ್ತದೆ. ಬರೀ ಗುಳಿಗೆಯಿಂದ ಇಷ್ಟಾಗುವುದು ವರ್ಷಕ್ಕೆ ನೂರರಲ್ಲಿ ಸುಮಾರು ಒಬ್ಬರಿಗೆ. ಮೈಯ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಂಟರ್‌ಫೆರಾನ್ ಇಂಜೆಕ್ಷನ್ ಒಂದು ವರ್ಷ ತಗೊಂಡರೆ ಇನ್ನು ಕೆಲವರಿಗೆ. ಆದರೆ ಜ್ವರ, ಸುಸ್ತು, ಮನಸ್ಸು ಕುಗ್ಗುವುದು, ಎಲ್ಲ ಜೊತೆಗೆ ಬರುತ್ತವೆ. ಬೆಪಿರೋವಿರ್ಸೆನ್ ಎಂಬ ಹೊಸ ಇಂಜೆಕ್ಷನ್ನಿನ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. 24 ವಾರ ಕೊಟ್ಟು ಇಂಜೆಕ್ಷನ್ ನಿಲ್ಲಿಸಿದ ಮೇಲೂ ನೂರಕ್ಕೆ ಒಂಬತ್ತು ಹತ್ತು ಜನರಲ್ಲಿ ಎಚ್‌ಬಿಎಸ್‌ಎಜಿ ನೆಗೆಟಿವ್ ಆಗಿಯೇ ಉಳಿಯಿತು. ನಮ್ಮಂಥವರಿಗೆ ಅದು ದೊಡ್ಡ ಸುದ್ದಿ. ಉಳಿದ ತೊಂಬತ್ತು ಜನ? ಅವರು ಗುಳಿಗೆ ನುಂಗುತ್ತಲೇ ಇರಬೇಕು. ಅದಕ್ಕೇ ಗುಳಿಗೆಯ ಮಾತು ಎತ್ತುತ್ತಿದ್ದೇನೆ.

ಗುಳಿಗೆ ಮಧ್ಯದಲ್ಲಿ ನಿಂತರೆ ಏನಾಗುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ವೈರಸ್ ತಿರುಗಿ ಬೆಳೆಯುತ್ತದೆ. ಇಷ್ಟು ದಿನ ತಣ್ಣಗಿದ್ದ ಮೈ ಒಮ್ಮೆಲೇ ಅದರ ಮೇಲೆ ಬೀಳುತ್ತದೆ. ಲಿವರ್ ಊದುತ್ತದೆ, ಕೆಲವರಲ್ಲಿ ಕೈಕೊಡುತ್ತದೆ. ಮೊದಲೇ ಸಿರೋಸಿಸ್ ಆಗಿರುವವನಿಗೆ, ಅಂದರೆ ಲಿವರ್ ಕಲೆಗಟ್ಟಿ ಗಡುಸಾಗಿ ಹೋದವನಿಗೆ, ಇದು ಜೀವದ ಪ್ರಶ್ನೆ. ಬಿಪಿ ಗುಳಿಗೆ ಒಂದು ವಾರ ತಪ್ಪಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನನ್ನ ಪರಿಚಯದ ಒಬ್ಬರು ಕೂಲಿ ಮಾಡುವವರು. ಒಂದು ಸರ್ಕಾರಿ ದವಾಖಾನೆಗೆ ಬಸ್ ಹತ್ತಿ ಹೋದರು. ಸ್ಟಾಕ್ ಬಂದಿಲ್ಲ, ಮುಂದಿನ ವಾರ ಬಾ ಎಂದರು. ಮುಂದಿನ ವಾರ ಹೋದರೆ ಬರೆದುಕೊಡುವ ಡಾಕ್ಟರು ರಜೆ. ಎರಡು ದಿನದ ಕೂಲಿ ಹೋಯಿತು. ಮೂರನೇ ಸಲ ಅವರು ಹೋಗಲಿಲ್ಲ. "ಗುಳಿಗಿ ಬಿಟ್ಟ ಮ್ಯಾಲ ಏನೂ ಆಗಿಲ್ಲಲ್ಲ" ಎಂದರು. ಏನೂ ಆಗದಿರುವುದೇ ಈ ರೋಗದ ಮೋಸ. ಲಿವರ್ ಅರ್ಧ ಹಾಳಾಗುವವರೆಗೂ ಅದು ಬಾಯಿ ಬಿಡುವುದಿಲ್ಲ.

ಅವರು ಆಮೇಲೆ ಕಾಮಣಿ ಔಷಧಕ್ಕೆ ಹೋದರು. ಇದನ್ನೂ ಬರೆಯಲೇಬೇಕು. ನಮ್ಮ ಕಡೆ ಪ್ರತಿ ಹತ್ತು ಊರಿಗೆ ಒಬ್ಬರು ಕಾಮಣಿ ಔಷಧ ಕೊಡುವವರು ಇದ್ದಾರೆ. ಕೆಲವರು ಸೊಪ್ಪಿನ ರಸ ಕೊಡುತ್ತಾರೆ, ಕೆಲವರು ಕೈಗೆ ಬರೆ ಹಾಕುತ್ತಾರೆ. ಅವರನ್ನು ಬೈಯುವುದು ಸುಲಭ. ಆದರೆ ಜನ ಯಾಕೆ ನಂಬುತ್ತಾರೆ ನೋಡಿ. ಮಳೆಗಾಲದಲ್ಲಿ ಕೆಟ್ಟ ನೀರಿನಿಂದ ಬರುವ ಕಾಮಣಿ ಹೆಪಟೈಟಿಸ್ ಎ ಅಥವಾ ಇ. ಅದು ಬಹುತೇಕ ತಾನೇ ಹೋಗುತ್ತದೆ. ದೊಡ್ಡವರಿಗೆ ಹೊಸದಾಗಿ ಹೆಪಟೈಟಿಸ್ ಬಿ ಬಂದರೂ ನೂರಕ್ಕೆ 95ಕ್ಕೂ ಹೆಚ್ಚು ಜನರಲ್ಲಿ ಆರು ತಿಂಗಳೊಳಗೆ ತಾನೇ ಹೋಗುತ್ತದೆ. ರಸ ಕುಡಿದರೂ ಹೋಗುತ್ತದೆ, ಕುಡಿಯದಿದ್ದರೂ ಹೋಗುತ್ತದೆ. ಹೆಸರು ಮಾತ್ರ ರಸಕ್ಕೆ. ನನ್ನಂಥವನಿಗೆ ಕಾಮಣಿಯೇ ಇಲ್ಲ, ಕಣ್ಣು ಬಿಳಿ ಇದೆ, ಸೋಂಕು ಒಳಗೆ ಇದೆ. ಇದು ಬೇರೆಯೇ ಲೆಕ್ಕ ಎಂದು ಅವನಿಗೆ ಹೇಳುವವರು ಯಾರು? ರಿಪೋರ್ಟ್ ಕೊಡುವಾಗ ಹೇಳಬೇಕು. ಆಗ ಹತ್ತು ನಿಮಿಷ ಕೂರಿಸಿಕೊಂಡು ಮಾತಾಡುವ ಒಬ್ಬರು ಬೇಕು.

ಕೇಂದ್ರ ಸರ್ಕಾರ 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಬ್ಲೂಂಬರ್ಗ್ ಹುಟ್ಟಿದ ದಿನ ಅದು, ವಿಶ್ವ ಹೆಪಟೈಟಿಸ್ ದಿನ. ಟೆಸ್ಟ್, ಔಷಧ ಪುಕ್ಕಟೆ ಎಂಬುದು ಆ ಕಾರ್ಯಕ್ರಮದ ಮಾತು. ನಾನು ಕೇಳುವುದು ಅದನ್ನು ಊರಿನ ಹತ್ತಿರ ತರುವುದಕ್ಕೆ. ಹಾನಗಲ್ಲಿನವನು, ಮುಂಡರಗಿಯವನು, ನವಲಗುಂದದವನು ಮೊದಲ ಸಲ ದೊಡ್ಡ ಆಸ್ಪತ್ರೆಗೆ ಹೋಗಲಿ. ಅಲ್ಲಿ ವೈರಸ್ ಎಷ್ಟಿದೆ, ಲಿವರ್ ಎಷ್ಟು ಗಟ್ಟಿಯಾಗಿದೆ ನೋಡಿ ನಿರ್ಧಾರ ಮಾಡಲಿ. ಆಮೇಲಿನ ಗುಳಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ, ಮೂರು ತಿಂಗಳಿಗಾಗುವಷ್ಟು ಒಮ್ಮೆಲೇ ಸಿಗಲಿ. ಚೀಟಿಯ ಹಿಂದೆ ಕನ್ನಡದಲ್ಲಿ ಎರಡು ಸಾಲು ಇರಲಿ: ನೀವಾಗಿ ನಿಲ್ಲಿಸಬೇಡಿ, ಮುಗಿಯುವ ಮೊದಲೇ ಬನ್ನಿ. ಟೆನೋಫೋವಿರ್ ಕೆಲವರಿಗೆ ಕಿಡ್ನಿ, ಎಲುಬಿಗೆ ತೊಂದರೆ ಮಾಡಬಹುದು, ಅದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು. ರಕ್ತ ತೆಗೆಯುವುದನ್ನೂ ತಾಲ್ಲೂಕಿನಲ್ಲೇ ಮಾಡಿ, ಸ್ಯಾಂಪಲ್ ಕಳಿಸಿದರೆ ಸಾಕು. ಮನುಷ್ಯ ಓಡಾಡುವ ಬದಲು ಬಾಟಲಿ ಓಡಾಡಲಿ.

ಎಲ್ಲರಿಗೂ ಗುಳಿಗೆ ಬೇಕಾಗುವುದಿಲ್ಲ, ಅದನ್ನೂ ಹೇಳಬೇಕು. ಸೋಂಕು ಇದ್ದರೂ ವೈರಸ್ ಕಡಿಮೆ ಇದ್ದು, ಲಿವರ್ ಚೆನ್ನಾಗಿದ್ದರೆ ಕಣ್ಣಿಟ್ಟು ನೋಡಿದರೆ ಸಾಕು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿಯಮ ಸಡಿಲಿಸಿ, ಮೊದಲಿಗಿಂತ ಜಾಸ್ತಿ ಜನಕ್ಕೆ ಗುಳಿಗೆ ಕೊಡಬಹುದು ಎಂದಿದೆ. ಆದರೆ ಗುಳಿಗೆ ಇಲ್ಲದವನೂ ಆರು ತಿಂಗಳಿಗೊಮ್ಮೆ ಬರಬೇಕು. ಈ ಸೋಂಕಿನಲ್ಲಿ ಸಿರೋಸಿಸ್ ಆಗದೆಯೂ ಲಿವರ್ ಕ್ಯಾನ್ಸರ್ ಬರಬಹುದು. ಕ್ಯಾನ್ಸರ್ ಅಥವಾ ಸಂಧಿವಾತಕ್ಕೆ ಕೊಡುವ ಕೆಲವು ಜೋರಾದ ಔಷಧಗಳಿಂದ ಮಲಗಿದ್ದ ವೈರಸ್ ಎದ್ದು ಕೂರುತ್ತದೆ. ಎಂದೋ ಬಂದು ಹೋಗಿದೆ ಎಂದುಕೊಂಡವರಲ್ಲೂ ಹೀಗೆ ಆಗಿದೆ. ಆ ಉಂಗುರ ಅವರಲ್ಲೂ ಅಷ್ಟಿಷ್ಟು ಉಳಿದಿರುತ್ತದೆ. ಹಾಗಾಗಿ ಅಂಥ ಚಿಕಿತ್ಸೆ ಶುರು ಮಾಡುವ ಮೊದಲು ಈ ಟೆಸ್ಟ್ ಆಗಲೇಬೇಕು.

ಇನ್ನೊಂದು ಮಾತು, ನಮ್ಮ ನೆಲಕ್ಕೇ ಸೇರಿದ್ದು. ಗದಗ, ಧಾರವಾಡ ಕಡೆ ಶೇಂಗಾ, ಹಾವೇರಿಯಲ್ಲಿ ಗೋವಿನಜೋಳ. ಎರಡಕ್ಕೂ ಹಸಿ ಇದ್ದಾಗ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದೊಂದೇ ಲಿವರ್ ಕ್ಯಾನ್ಸರ್ ತರಬಲ್ಲದು. ಹೆಪಟೈಟಿಸ್ ಬಿ ಇರುವವನ ಹೊಟ್ಟೆಗೆ ಅದು ಸೇರಿದರೆ ಅಪಾಯ ಬರೀ ಕೂಡುವುದಲ್ಲ, ಎಷ್ಟೋ ಪಟ್ಟು ಏರುತ್ತದೆ. ಹುರಿದರೂ ಕುದಿಸಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಮಾರುವುದಕ್ಕೆ ಚೆನ್ನಾಗಿರುವ ಶೇಂಗಾ ಆರಿಸಿಟ್ಟು, ಕಪ್ಪಾದದ್ದು, ಮುದುಡಿದ್ದು ಮನೆಯ ಚಟ್ನಿಗೆ ಎಂದು ಇಟ್ಟುಕೊಳ್ಳುವ ರೂಢಿ ಹಲವು ಮನೆಯಲ್ಲಿ ಇದೆ. ನಮಗೆ ಪಥ್ಯ ಹೇಳುವವರು ಎಣ್ಣೆ ಬೇಡ, ಖಾರ ಬೇಡ, ಮಿರ್ಚಿ ಮುಟ್ಟಬೇಡ ಎನ್ನುತ್ತಾರೆ. ಈ ಬೂಸ್ಟಿನ ಮಾತು ಒಬ್ಬರೂ ಎತ್ತುವುದಿಲ್ಲ! ಗಿರ್ಮಿಟ್ ತಿಂದರೆ ವೈರಸ್ ಬೆಳೆಯುವುದಿಲ್ಲ. ಬಿಡಬೇಕಾದದ್ದು ಸೆರೆ (ಮದ್ಯ), ಮತ್ತು ಬೂಸ್ಟು ಹಿಡಿದ ಕಾಳು. ಕೃಷಿ ಇಲಾಖೆಯವರೂ ನೀವೂ ಸೇರಿ ಎಪಿಎಂಸಿಗಳಲ್ಲಿ ಒಂದು ಬೋರ್ಡ್ ಹಾಕಿಸಿದರೆ ಖರ್ಚೇನೂ ಆಗುವುದಿಲ್ಲ.

ಈಗ ಲಸಿಕೆಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ಪತ್ರದ ಮುಖ್ಯ ಭಾಗ ಇದೇ.

ದೊಡ್ಡವರಿಗೆ ಸೋಂಕು ಬಂದರೆ ನೂರಕ್ಕೆ ಐದಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಅದು ಉಳಿದುಕೊಳ್ಳುತ್ತದೆ ಎಂದೆ. ಹುಟ್ಟುವಾಗ ತಾಯಿಯಿಂದ ಬಂದರೆ ಲೆಕ್ಕ ತಿರುಗಿಬಿಡುತ್ತದೆ. ನೂರರಲ್ಲಿ 90 ಕೂಸುಗಳಲ್ಲಿ ಅದು ಉಳಿಯುತ್ತದೆ, ಜೀವನಪೂರ್ತಿ. ಕೂಸಿನ ಮೈ ಅದನ್ನು ಹೊರಗಿನದು ಎಂದು ಸರಿಯಾಗಿ ಗುರುತಿಸುವುದೇ ಇಲ್ಲ. ನನಗೂ ಹಾಗೇ ಬಂದಿರಬೇಕು ಎಂದು ಡಾಕ್ಟರ್ ಅಂದಾಜು. ನಾನು ಹುಟ್ಟಿದಾಗ ನಮ್ಮ ಊರಿನಲ್ಲಿ ಈ ಲಸಿಕೆ ಇರಲಿಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಭಾರತದಲ್ಲೇ ತಯಾರಿಸಿದ ಲಸಿಕೆಯನ್ನು 1997ರಲ್ಲಿ ತಂದ ಮೇಲೆ ಬೆಲೆ ಇಳಿಯಿತು. ಸರ್ಕಾರದ ಕಾರ್ಯಕ್ರಮಕ್ಕೆ 2002ರ ಹೊತ್ತಿಗೆ ಕೆಲವು ಕಡೆ, 2011ರಲ್ಲಿ ಇಡೀ ದೇಶಕ್ಕೆ ಬಂತು. ಈಗ ಹುಟ್ಟಿದ ದಿನ ಒಂದು, ಆಮೇಲೆ 6, 10, 14 ವಾರಕ್ಕೆ ಐದು ರೋಗಕ್ಕೆ ಒಂದೇ ಲಸಿಕೆಯಾದ ಪೆಂಟಾವೇಲೆಂಟ್ ಜೊತೆಗೆ ಮೂರು.

6ನೇ ವಾರದ್ದು ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಹಿಡಿದು ತರುತ್ತಾರೆ. ಅವರ ಕೆಲಸಕ್ಕೆ ಎಷ್ಟು ಕೈ ಮುಗಿದರೂ ಸಾಲದು. ತಪ್ಪುವುದು ಹುಟ್ಟಿದ ದಿನದ್ದು. ಅದು ತಪ್ಪಿದರೆ 6ನೇ ವಾರದ್ದು ತಾಯಿಯಿಂದ ಬಂದ ಸೋಂಕನ್ನು ತಡೆಯುವುದಿಲ್ಲ. ಅಷ್ಟರಲ್ಲಿ ವೈರಸ್ ನ್ಯೂಕ್ಲಿಯಸ್ಸಿನಲ್ಲಿ ಕೂತಾಗಿರುತ್ತದೆ. ಆಮೇಲೆ ಏನು ಮಾಡಿದರೂ ಏಳುವುದಿಲ್ಲ ಎಂದು ಮೇಲೆ ಇಷ್ಟುದ್ದ ಬರೆದೆನಲ್ಲ, ಅದು ಇದಕ್ಕೇ.

ಯಾಕೆ ತಪ್ಪುತ್ತದೆ? ಒಂದು, ಭಾನುವಾರ ರಾತ್ರಿ ಹುಟ್ಟಿದ ಕೂಸು. ಲಸಿಕೆ ಹಾಕುವವರು ಸೋಮವಾರ ಬರುತ್ತಾರೆ. ಎರಡು, ಬಾಟಲಿಯಲ್ಲಿ ಹತ್ತು ಡೋಸ್ ಇರುತ್ತದೆ. ಒಂದು ಕೂಸಿಗೆ ಒಡೆದರೆ ಉಳಿದ ಒಂಬತ್ತು ಹಾಳು ಎಂಬ ಹೆದರಿಕೆ. ಆದರೆ ಸರ್ಕಾರದ್ದೇ ನಿಯಮದ ಪ್ರಕಾರ ಸರಿಯಾಗಿ ತಣ್ಣಗಿಟ್ಟರೆ ತೆರೆದ ಬಾಟಲಿಯನ್ನು 28 ದಿನ ಬಳಸಬಹುದು. ಬಾಟಲಿ ಮೇಲೆ ತೆರೆದ ತಾರೀಕು ಬರೆದಿಟ್ಟರೆ ಮುಗಿಯಿತು. ಹೆರಿಗೆ ಕೋಣೆಯ ನರ್ಸಮ್ಮಂದಿರಿಗೆ ಇದನ್ನು ಬಾಯಿಮಾತಿನಲ್ಲಿ ಅಲ್ಲ, ಲಿಖಿತವಾಗಿ ಕೊಡಿ. ಡೋಸ್ ವೇಸ್ಟ್ ಆದರೆ ಯಾರೂ ಬೈಯುವುದಿಲ್ಲ ಎಂದೂ ಅದರಲ್ಲಿ ಬರೆಯಿರಿ. ಆ ಒಂದು ವಾಕ್ಯಕ್ಕೆ ಬಹಳ ಬೆಲೆ ಇದೆ. ಮೂರು, ಖಾಸಗಿ ನರ್ಸಿಂಗ್ ಹೋಮು. ಡಿಸ್ಚಾರ್ಜ್ ದಿನ ಹಾಕೋಣ, ಮಕ್ಕಳ ಡಾಕ್ಟರು ಬಂದಾಗ ಹಾಕೋಣ ಎನ್ನುತ್ತಾರೆ. ಸಿಜೇರಿಯನ್ ಆದರೆ ಡಿಸ್ಚಾರ್ಜ್ ಆಗುವುದೇ ನಾಲ್ಕೈದು ದಿನಕ್ಕೆ. ಡಿಸ್ಚಾರ್ಜ್ ಕಾಗದದಲ್ಲಿ ಕೂಸು ಹುಟ್ಟಿದ ವೇಳೆ, ಲಸಿಕೆ ಹಾಕಿದ ವೇಳೆ, ಎರಡನ್ನೂ ಗಂಟೆ ನಿಮಿಷ ಸಮೇತ ಬರೆಯುವುದು ಕಡ್ಡಾಯ ಮಾಡಿ. ಬರೆಯಬೇಕಾದರೆ ಹಾಕಲೇಬೇಕಾಗುತ್ತದೆ.

ಬಸುರಿಯಾದಾಗಲೇ ಎಚ್‌ಬಿಎಸ್‌ಎಜಿ ಟೆಸ್ಟ್ ಆಗಿ, ತಾಯಿ ಕಾರ್ಡಿನಲ್ಲಿ ದಾಖಲಾದರೆ ಇನ್ನೂ ಬಹಳಷ್ಟು ಮಾಡಬಹುದು. ತಾಯಿಯ ರಕ್ತದಲ್ಲಿ ವೈರಸ್ ಪ್ರತಿ ಮಿಲಿಲೀಟರಿಗೆ 2 ಲಕ್ಷ ಯೂನಿಟ್ ದಾಟಿದ್ದರೆ ಕೊನೆಯ ಮೂರು ತಿಂಗಳು ಟೆನೋಫೋವಿರ್ ಕೊಡುತ್ತಾರೆ. ಕೂಸಿಗೆ ಲಸಿಕೆ ಜೊತೆ ಇಮ್ಯುನೋಗ್ಲೋಬ್ಯುಲಿನ್ ಇಂಜೆಕ್ಷನ್, ಅಂದರೆ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ, ಕೊಡುತ್ತಾರೆ. ಇಷ್ಟು ಮಾಡಿದರೆ ಸೋಂಕು ದಾಟುವುದು ತೀರಾ ಅಪರೂಪ. ಎದೆಹಾಲು ಕೊಡಬಹುದು. ಇದೊಂದೇ ಕಾರಣಕ್ಕೆ ಸಿಜೇರಿಯನ್ ಬೇಕಿಲ್ಲ.

ಆದರೆ ಆ ರಿಸಲ್ಟನ್ನು ಯಾರಿಗೆ, ಹೇಗೆ ಹೇಳುತ್ತೀರಿ ಎಂಬುದು ಬಹಳ ಮುಖ್ಯ. ಪಾಸಿಟಿವ್ ಎಂದು ಓಪಿಡಿ ಸಾಲಿನಲ್ಲಿ ಜೋರಾಗಿ ಕೂಗಿದ್ದನ್ನು ನಾನೇ ಕೇಳಿದ್ದೇನೆ. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಆ ಹುಡುಗಿಯ ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಸೊಸೆಯನ್ನು ತವರಿಗೆ ಕಳಿಸಲು ನಮ್ಮ ಜನಕ್ಕೆ ಇಷ್ಟು ಸಾಕು. ಇದು ಅವಳಿಗೆ ಅವಳ ತಾಯಿಯಿಂದ ಬಂದಿರಬಹುದು, ಚಿಕ್ಕಂದಿನಲ್ಲಿ ಸರಿಯಾಗಿ ಕುದಿಸದ ಸೂಜಿಯಿಂದ ಬಂದಿರಬಹುದು, ಗಂಡನಿಂದಲೂ ಬಂದಿರಬಹುದು. ಕದ ಹಾಕಿಕೊಂಡು ಹೇಳಿ. ಗಂಡನನ್ನೂ ಕರೆಸಿ ಟೆಸ್ಟ್ ಮಾಡಿಸಿ. ನೆಗೆಟಿವ್ ಇದ್ದರೆ ಮೂರು ಡೋಸ್ ಲಸಿಕೆ ಕೊಡಿಸಿ, ಮನೆಯವರ ಹೆದರಿಕೆ ಅಲ್ಲಿಗೆ ಮುಗಿಯುತ್ತದೆ. ಒಂದೇ ತಾಟಿನಲ್ಲಿ ಉಂಡರೆ, ಕೂಸಿಗೆ ಮುತ್ತು ಕೊಟ್ಟರೆ, ಒಂದೇ ಚೊಂಬಿನಲ್ಲಿ ನೀರು ಕುಡಿದರೆ ಇದು ಬರುವುದಿಲ್ಲ. ಬರುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ. ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರಬಲ್ಲದು. ಕಟಿಂಗ್ ಶಾಪಿನ ಬ್ಲೇಡು, ಜಾತ್ರೆಯಲ್ಲಿ ಹಚ್ಚೆ ಹಾಕುವವನ ಸೂಜಿ, ಎಲ್ಲದಕ್ಕೂ ಇಂಜೆಕ್ಷನ್ ಮಾಡುವ ಡಾಕ್ಟರು, ಇವುಗಳ ಮೇಲೆ ಕಣ್ಣಿರಲಿ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು.

ನೌಕರಿಯ ಮಾತು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಇದರಲ್ಲಿ ನಿಮ್ಮ ಕೈ ಎಷ್ಟು ದೂರ ಹೋಗುತ್ತದೋ ಗೊತ್ತಿಲ್ಲ. ಲೆಕ್ಕ ಬರೆಯುವ ಕೆಲಸಕ್ಕೂ ಎಚ್‌ಬಿಎಸ್‌ಎಜಿ ಟೆಸ್ಟ್ ಕೇಳುವವರು ಇದ್ದಾರೆ. ಆ ಟೆಸ್ಟ್ ನಮಗೆ ಬದಲಾಗುವುದು ಅಪರೂಪ ಎಂದು ಮೇಲೆ ಹೇಳಿದೆ. ಹಾಗಾದರೆ ಅದು ಜೀವನಪೂರ್ತಿ ಮುಚ್ಚಿದ ಬಾಗಿಲು, ಅಲ್ವಾ? ಎಚ್‌ಐವಿ ಇರುವವರ ರಕ್ಷಣೆಗೆ 2017ರ ಕಾಯ್ದೆ ಇದೆ. ನಮಗೆ ಅಂಥದ್ದಿಲ್ಲ. ಮೆಡಿಕಲ್ ಫಿಟ್‌ನೆಸ್ ಬರೆಯುವ ಸರ್ಕಾರಿ ಡಾಕ್ಟರುಗಳಿಗಾದರೂ, ಕೆಲಸಕ್ಕೆ ಸಂಬಂಧವಿಲ್ಲದ ಕಡೆ ಇದೊಂದಕ್ಕೆ ಅನ್‌ಫಿಟ್ ಬರೆಯಬೇಡಿ ಎಂದು ನೀವು ತಿಳಿಸಬಹುದು. ನಾನು ಹೆಸರು ಹಾಕದೆ ಬರೆಯುತ್ತಿರುವುದಕ್ಕೂ ಇದೇ ಕಾರಣ. ನನ್ನ ನೌಕರಿ ಹೋಗುವುದಿಲ್ಲ. ಆದರೆ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ತಂಗಿ ಇದ್ದಾಳೆ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ 2022ರಲ್ಲಿ ಜಗತ್ತಿನ 25.4 ಕೋಟಿ ಜನಕ್ಕೆ ಈ ಸೋಂಕು ಇತ್ತು. ಅದರಲ್ಲಿ ಸುಮಾರು 2.98 ಕೋಟಿ ಜನ ಭಾರತದವರು. ಜಗತ್ತಿನಲ್ಲಿ ಸೋಂಕು ಇದೆ ಎಂದು ಗೊತ್ತಾಗಿದ್ದದ್ದು ನೂರಕ್ಕೆ 13 ಜನಕ್ಕೆ. ಔಷಧ ಸಿಗುತ್ತಿದ್ದದ್ದು ನೂರಕ್ಕೆ ಮೂವರಿಗೆ. ರಕ್ತದಾನಕ್ಕೆ ಹೋಗದಿದ್ದರೆ ನಾನೂ ಉಳಿದ 87ರಲ್ಲಿ ಇರುತ್ತಿದ್ದೆ.

ಈ ಪತ್ರಕ್ಕೆ ನನಗೆ ಉತ್ತರ ಬರೆಯುವುದು ಬೇಡ. ಉತ್ತರವನ್ನು ತಾಲ್ಲೂಕು ಆಸ್ಪತ್ರೆಗಳ ನೋಟಿಸ್ ಬೋರ್ಡಿಗೆ ಹಚ್ಚಿ. ಹೆಪಟೈಟಿಸ್ ಟೆಸ್ಟ್ ಯಾವ ವಾರ, ಯಾವ ಕೋಣೆಯಲ್ಲಿ. ಗುಳಿಗೆ ಎಷ್ಟು ತಿಂಗಳಿಗಾಗುವಷ್ಟು ಕೊಡುತ್ತೀರಿ. ಸ್ಟಾಕ್ ಇಲ್ಲದಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಹೆರಿಗೆ ಕೋಣೆಯ ಹೊರಗಿನ ಬೋರ್ಡಿನಲ್ಲಿ ಇನ್ನೊಂದು ಸಾಲು: ಈ ತಿಂಗಳು ಇಲ್ಲಿ ಹುಟ್ಟಿದ ಕೂಸು ಎಷ್ಟು, 24 ಗಂಟೆಯೊಳಗೆ ಲಸಿಕೆ ಬಿದ್ದದ್ದು ಎಷ್ಟಕ್ಕೆ.

ಇಂತಿ ನಿಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ಹೈಸ್ಕೂಲ್ ಮಾಸ್ತರ